ಬ್ರೇಕ್ ಹಾಕಿದಾಗ ನಡುಗುವ ಕಾರು

ಬ್ರೇಕ್ ಹಾಕಿದಾಗ ಕಾರು ನಡುಗುವುದು ಹಳೆಯ ಕಾಯಿಲೆ. ಸ್ಟೇರಿಂಗ್ ಕೈಯಲ್ಲಿ ಅದುರುತ್ತದೆ, ಪೆಡಲ್ ಪಾದವನ್ನು ಮತ್ತೆ ಮತ್ತೆ ಮೇಲಕ್ಕೆ ಒದೆಯುತ್ತದೆ, ಕೆಲವೊಮ್ಮೆ ಸೀಟು, ಡ್ಯಾಶ್‌ಬೋರ್ಡ್ ಕೂಡ ಕಂಪಿಸುತ್ತವೆ. ವೇಗ ಇಳಿದಂತೆ ಕಂಪನವೂ ನಿಧಾನವಾಗಿ ಕಡೆಗೆ ನಿಂತುಹೋಗುತ್ತದೆ. ಒಂದು ಶತಮಾನಕ್ಕೂ ಹೆಚ್ಚಿನ ಅವಧಿಯಲ್ಲಿ ಬ್ರೇಕಿನ ರೂಪ ಹಲವು ಸಲ ಬದಲಾಗಿದೆ. ಪ್ರತಿ ಬದಲಾವಣೆಯೂ ಹಿಂದಿನ ನಡುಕವನ್ನು ಕಳೆದು, ಅದಕ್ಕಿಂತ ಸಣ್ಣ ಏರುಪೇರಿನಿಂದ ಹುಟ್ಟುವ ಇನ್ನೊಂದನ್ನು ಮುಂದಿಟ್ಟಿತು. ಮೊದಲು ಕಣ್ಣಿಗೆ ಕಾಣುತ್ತಿದ್ದ ದೋಷ ಆಮೇಲೆ ಬೆರಳಿಗಷ್ಟೇ ಸಿಗುವಂತಾಯಿತು, ಈಗ ಡಯಲ್ ಗೇಜಿಗೆ ಮಾತ್ರ ಸಿಗುತ್ತದೆ. ಹಾಗಾಗಿ ಈ ದುರಸ್ತಿಯ ಚರಿತ್ರೆಯಲ್ಲಿ ಅಳತೆಗೆ ದೊಡ್ಡ ಪಾತ್ರವಿದೆ, ಅಳೆಯದೆ ಹೇಳಿದ ಕಾರಣಗಳಿಗೂ ಅಷ್ಟೇ ದೊಡ್ಡ ಪಾತ್ರವಿದೆ.

ಗಾಡಿಗಳ ಕಾಲದ ಬ್ರೇಕು ಮರದ ಒಂದು ತುಂಡು. ಸನ್ನೆಯಿಂದಲೋ ಹಗ್ಗದಿಂದಲೋ ಎಳೆದರೆ ಅದು ಚಕ್ರದ ಕಬ್ಬಿಣದ ಪಟ್ಟಿಗೆ ಒತ್ತಿಕೊಳ್ಳುತ್ತಿತ್ತು. ಮೊದಲ ಮೋಟಾರು ವಾಹನಗಳು ಇದನ್ನೇ ಎರವಲು ಪಡೆದವು. 1888ರ ಆಗಸ್ಟ್‌ನಲ್ಲಿ ಬೆರ್ಟಾ ಬೆಂಜ್ ಗಂಡನ ಮೂರು ಚಕ್ರದ ವಾಹನದಲ್ಲಿ ಮಕ್ಕಳೊಂದಿಗೆ ಜರ್ಮನಿಯ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೋದಾಗ ಇಳಿಜಾರುಗಳಲ್ಲಿ ಮರದ ತುಂಡುಗಳು ಸವೆದುಹೋದವು. ದಾರಿಯಲ್ಲಿ ಪಾದರಕ್ಷೆ ಹೊಲಿಯುವವನೊಬ್ಬನಿಂದ ಅವುಗಳಿಗೆ ಚರ್ಮದ ಪಟ್ಟಿ ಹೊಡೆಸಿಕೊಂಡು ಅವಳು ಮುಂದೆ ಸಾಗಿದಳು. ಸವೆಯುವ ಪದರವನ್ನು ಬ್ರೇಕಿನ ದೇಹದಿಂದ ಬೇರ್ಪಡಿಸಿ, ಸವೆದಾಗ ಅದನ್ನಷ್ಟೇ ಬದಲಿಸುವ ಪದ್ಧತಿಯ ಮೊದಲ ಉದಾಹರಣೆಗಳಲ್ಲಿ ಇದೂ ಒಂದು. ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಹರ್ಬರ್ಟ್ ಫ್ರೂಡ್ 1897ರಲ್ಲಿ ಫೆರೋಡೋ ಸಂಸ್ಥೆ ಕಟ್ಟಿ ಇದನ್ನೇ ಒಂದು ಉದ್ಯಮವಾಗಿಸಿದ. ಗುಡ್ಡದ ಹಾದಿಗಳಲ್ಲಿ ಇಳಿಯುವ ಕುದುರೆಗಾಡಿಗಳಿಗೆ ಬ್ರೇಕಿನ ಹೊದಿಕೆ ಮಾಡುವುದರಿಂದ ಅವನ ಕೆಲಸ ಶುರುವಾಯಿತು. ಮುಂದೆ ಕಲ್ನಾರು ಬಂದ ಮೇಲೆ ಹೊದಿಕೆ ಬಿಸಿಯನ್ನು ತಾಳುವಂತಾಯಿತು. ಕಾರುಗಳು ವೇಗವಾಗಿ ಓಡಲು ಇದು ದಾರಿ ಮಾಡಿತು. ಆ ಕಲ್ನಾರಿನ ಧೂಳನ್ನು ಉಸಿರಾಡಿದ ಕಾರ್ಮಿಕರು ಮತ್ತು ಮೆಕ್ಯಾನಿಕರು ತೆತ್ತ ಬೆಲೆ ಮಾತ್ರ ಬಹಳ ದೊಡ್ಡದು.

ರಬ್ಬರ್ ಟೈರು ಬಂದ ಮೇಲೆ ಚಕ್ರದ ಅಂಚಿಗೆ ಮರ ಒತ್ತುವಂತಿರಲಿಲ್ಲ. 1902ರಲ್ಲಿ ಲೂಯಿ ರೆನೋ ಡ್ರಮ್ ಬ್ರೇಕಿಗೆ ಒಂದು ಸ್ಥಿರ ರೂಪ ಕೊಟ್ಟ. ಚಕ್ರದೊಡನೆ ತಿರುಗುವ ಡಬ್ಬಿಯಂಥ ಡ್ರಮ್ಮಿನ ಒಳಗೆ ಎರಡು ಶೂಗಳು ಅಗಲಗೊಂಡು ಗೋಡೆಗೆ ಒತ್ತಿಕೊಳ್ಳುವ ಏರ್ಪಾಡು ಅದು. ಡ್ರಮ್ ಪೂರ್ತಿ ದುಂಡಗಿದ್ದರೆ ಶೂಗಳ ಒತ್ತಡ ಸುತ್ತಿನುದ್ದಕ್ಕೂ ಒಂದೇ ಸಮ. ಅದು ಸ್ವಲ್ಪ ಮೊಟ್ಟೆಯಾಕಾರಕ್ಕೆ ತಿರುಗಿದರೂ ಪ್ರತಿ ಸುತ್ತಿಗೆ ಎರಡು ಸಲ ಶೂ ಹೊರಗೆ ಹೋಗಿ ಒಳಗೆ ಬರುತ್ತದೆ. ಡ್ರಮ್ಮಿನ ನಡುಬಿಂದು ಆಕ್ಸಲಿನ ನಡುಬಿಂದುವಿನಿಂದ ಸರಿದಿದ್ದರೆ ಸುತ್ತಿಗೆ ಒಂದು ಸಲ ಹಾಗಾಗುತ್ತದೆ. ಡ್ರಮ್ ಬ್ರೇಕಿಗೆ ಇನ್ನೊಂದು ಸ್ವಭಾವವಿದೆ. ತಿರುಗುವ ಡ್ರಮ್ಮೇ ಮುಂದಿನ ಶೂವನ್ನು ತನ್ನೊಳಗೆ ಎಳೆದುಕೊಂಡು ಒತ್ತಡ ಹೆಚ್ಚಿಸುತ್ತದೆ. ಕಡಿಮೆ ಬಲದ ಕಾಲಿಗೂ ಕಾರು ನಿಲ್ಲುವುದು ಇದರಿಂದಲೇ. ಆದರೆ ಘರ್ಷಣೆಯಲ್ಲಿನ ಸಣ್ಣ ವ್ಯತ್ಯಾಸವನ್ನೂ ಅದೇ ಗುಣ ಹಿಗ್ಗಿಸಿ ತೋರಿಸುತ್ತದೆ.

ಆರಂಭದ ಡ್ರಮ್ಮುಗಳು ಒತ್ತಿ ರೂಪಿಸಿದ ಉಕ್ಕಿನ ತಗಡಿನವು. ಹಗುರವಾದ ಈ ಡ್ರಮ್ಮುಗಳು ಬಿಸಿಯಲ್ಲಿ ಬೇಗ ಆಕಾರ ಕೆಡುತ್ತಿದ್ದವು. ಬೂದು ಎರಕದ ಕಬ್ಬಿಣ ಇದಕ್ಕೆ ಒಳ್ಳೆಯ ಮದ್ದು. ಅದರೊಳಗೆ ಗ್ರಾಫೈಟಿನ ಪದರಗಳು ಹರಡಿಕೊಂಡಿರುವುದರಿಂದ ಶಾಖ ಸುಲಭವಾಗಿ ಹರಿಯುತ್ತದೆ, ಕಂಪನವನ್ನೂ ಅದು ಹೀರಿಕೊಳ್ಳುತ್ತದೆ. ಆದರೆ ತೂಕ ಹೆಚ್ಚು, ಪೆಡಸೂ ಹೆಚ್ಚು. ಅಮೆರಿಕದ ಮಿಶಿಗನ್ ರಾಜ್ಯದ ಒಂದು ಎರಕ ಕಾರ್ಖಾನೆ ಉಕ್ಕಿನ ಚಿಪ್ಪನ್ನು ತಿರುಗಿಸುತ್ತ ಅದರ ಒಳಗೋಡೆಗೆ ದ್ರವ ಕಬ್ಬಿಣವನ್ನು ಎರಚಿ ಎರಡನ್ನೂ ಬೆಸೆಯುವ ವಿಧಾನ ಕಂಡುಕೊಂಡಿತು. ಸೆಂಟ್ರಿಫ್ಯೂಸ್ ಎಂದು ಹೆಸರಾದ ಇಂಥ ಡ್ರಮ್ಮುಗಳು ಅಲ್ಲಿನ ಕಾರುಗಳಲ್ಲಿ ಬಹುಕಾಲ ಉಳಿದವು. ಆಮೇಲೆ ಬಂದ ಡಿಸ್ಕಿನ ಲೋಹವೂ ಬಹುಪಾಲು ಇದೇ ಬೂದು ಎರಕದ ಕಬ್ಬಿಣ.

ಮುಂದಿನ ಚಕ್ರಗಳಿಗೆ ಬ್ರೇಕ್ ಬಂದದ್ದು ತಡವಾಗಿ. ಮುಂದೆ ಬ್ರೇಕ್ ಹಾಕಿದರೆ ಕಾರು ಜಾರುತ್ತದೆ, ಮಗುಚುತ್ತದೆ ಎಂಬ ಭಯ ಬಹಳ ಕಾಲ ಇತ್ತು. 1909ರಿಂದ 1911ರ ನಡುವೆ ಸ್ಕಾಟ್‌ಲೆಂಡಿನ ಆರಲ್-ಜಾನ್‌ಸ್ಟನ್ ಮತ್ತು ಆರ್ಗೈಲ್, ಇಟಲಿಯ ಇಸೋತ್ತಾ ಫ್ರಸ್ಕೀನಿ ಕಂಪನಿಗಳು ನಾಲ್ಕು ಚಕ್ರದ ಬ್ರೇಕನ್ನು ಪ್ರಯತ್ನಿಸಿದವು. 1919ರ ಹಿಸ್ಪಾನೋ-ಸುಯೀಜಾ ಎಚ್6 ಕಾರಿನಲ್ಲಿ ಅದಕ್ಕೆ ಯಂತ್ರದ ನೆರವೂ ಸೇರಿತು. 1920ರ ದಶಕದ ನಡುವಿನ ಹೊತ್ತಿಗೆ ನಾಲ್ಕು ಚಕ್ರದ ಬ್ರೇಕು ಹರಡತೊಡಗಿತು. ಅಂಥ ಕಾರುಗಳು ಬೇಗ ನಿಲ್ಲುತ್ತವೆ ಎಂದು ಹಿಂದಿನವರನ್ನು ಎಚ್ಚರಿಸಲು ಬ್ರಿಟನ್ನಿನಲ್ಲಿ ಹಿಂಬದಿಗೆ ಕೆಂಪು ತ್ರಿಕೋನ ಅಂಟಿಸುತ್ತಿದ್ದ ಕಾಲ ಅದು.

ನಡುಕ ಎಂಜಿನಿಯರುಗಳ ಗಂಭೀರ ಸಮಸ್ಯೆಯಾದದ್ದು ಇಲ್ಲಿಂದಲೇ. ಆಗಿನ ಕಾರುಗಳ ಮುಂಭಾಗದಲ್ಲಿ ಎರಡು ಚಕ್ರಗಳನ್ನೂ ಜೋಡಿಸುವ ಒಂದೇ ಗಟ್ಟಿ ಆಕ್ಸಲ್, ಅದರ ಮೇಲೆ ಪಟ್ಟಿ ಸ್ಪ್ರಿಂಗ್. ಬ್ರೇಕ್ ಹಿಡಿದಾಗ ಆಕ್ಸಲ್ ತಿರುಚಿಕೊಂಡು ಸ್ಪ್ರಿಂಗು ಎಸ್ ಆಕಾರಕ್ಕೆ ಬಾಗುತ್ತಿತ್ತು, ಜೊತೆಗೆ ಸ್ಟೇರಿಂಗಿನ ಸಲಾಕೆ ಎಳೆದಂತಾಗಿ ಚಕ್ರಗಳು ತಾವಾಗಿ ಪಕ್ಕಕ್ಕೆ ತಿರುಗುತ್ತಿದ್ದವು. ಅದೇ ವರ್ಷಗಳಲ್ಲಿ ಬಂದ ಕಡಿಮೆ ಗಾಳಿಯ ಒತ್ತಡದ ದಪ್ಪ ಬಲೂನ್ ಟೈರು ಈ ತೂಗಾಟವನ್ನು ಇನ್ನಷ್ಟು ಬೆಳೆಸಿತು. ಫ್ರಾನ್ಸಿನ ಜಾರ್ಜ್ ಬ್ರೂಲಿಯೆ 1925ರಲ್ಲಿ ಇದರ ಮೇಲೆ ಪ್ರಬಂಧ ಬರೆದ. ರೋಲ್ಸ್-ರಾಯ್ಸ್‌ನಿಂದ ಅಮೆರಿಕದ ಜನರಲ್ ಮೋಟಾರ್ಸ್‌ಗೆ ಹೋದ ಮಾರಿಸ್ ಓಲಿ ಇದೇ ವಿಷಯದ ಮೇಲೆ ವರ್ಷಗಟ್ಟಲೆ ದುಡಿದ. ಎರಡು ಮುಂಚಕ್ರಗಳನ್ನೂ ಬೇರೆ ಬೇರೆಯಾಗಿ ತೂಗುಹಾಕುವ ಸಸ್ಪೆನ್ಷನ್ 1934ರಲ್ಲಿ ಅಮೆರಿಕದ ದೊಡ್ಡ ಕಂಪನಿಗಳ ಕಾರುಗಳಿಗೆ ಬಂತು. ಆರಾಮದ ಸವಾರಿ ಅದರ ಜಾಹೀರಾತಿನ ಮಾತಾಗಿದ್ದರೂ, ಬ್ರೇಕ್ ಹಾಕಿದಾಗಿನ ಚಕ್ರದ ತೂಗಾಟವನ್ನು ತಗ್ಗಿಸುವುದೂ ಅದರ ಹಿಂದಿನ ಉದ್ದೇಶಗಳಲ್ಲೊಂದು. ಬ್ರೇಕು ಮತ್ತು ಸಸ್ಪೆನ್ಷನ್ ಎರಡನ್ನೂ ಒಟ್ಟಿಗೆ ನೋಡಬೇಕೆಂಬ ಆಗಿನ ತಿಳಿವಳಿಕೆ ಇಂದಿನ ವರ್ಕ್‌ಶಾಪಿನಲ್ಲೂ ಬೇಕು. ಸವೆದ ಬುಷ್ ಅಥವಾ ಸಡಿಲವಾದ ಬಾಲ್ ಜಾಯಿಂಟ್ ಇರುವ ಕಾರಿನಲ್ಲಿ ಡಿಸ್ಕಿನ ಅಲ್ಪ ದೋಷವೂ ದೊಡ್ಡ ನಡುಕವಾಗುತ್ತದೆ.

ಬ್ರೇಕಿನ ಬಲವನ್ನು ಚಕ್ರಕ್ಕೆ ಒಯ್ಯುವ ವಿಧಾನವೂ ಬದಲಾಯಿತು. ಸಲಾಕೆ, ಕೇಬಲ್ಲುಗಳ ಜಾಗಕ್ಕೆ ಮಾಲ್ಕಮ್ ಲಾಕ್‌ಹೀಡ್ ರೂಪಿಸಿದ ದ್ರವದ ಒತ್ತಡದ ಪದ್ಧತಿ ಬಂತು. 1921ರ ಡ್ಯೂಸೆನ್‌ಬರ್ಗ್ ಮಾಡೆಲ್ ಎ ಅದನ್ನು ನಾಲ್ಕೂ ಚಕ್ರಗಳಿಗೆ ಅಳವಡಿಸಿತು, 1924ರ ಕ್ರೈಸ್ಲರ್ ಮಧ್ಯಮ ಬೆಲೆಯ ಕಾರಿಗೆ ತಂದಿತು. ಹೆನ್ರಿ ಫೋರ್ಡ್‌ನ ಕಾರುಗಳು ಮಾತ್ರ 1939ರ ತನಕ ಸಲಾಕೆ-ಕೇಬಲ್ಲುಗಳನ್ನೇ ಹಿಡಿದುಕೊಂಡಿದ್ದವು. ದ್ರವದಿಂದ ಎಲ್ಲ ಚಕ್ರಗಳಿಗೂ ಒತ್ತಡ ಸಮನಾಗಿ ಸಿಕ್ಕಿತು, ಕಾರು ಒಂದು ಪಕ್ಕಕ್ಕೆ ಎಳೆಯುವುದು ಕಡಿಮೆಯಾಯಿತು. ಜೊತೆಗೆ ಚಕ್ರದ ಬಳಿಯ ಏರುಪೇರು ನೇರವಾಗಿ ಚಾಲಕನ ಪಾದಕ್ಕೆ ತಲುಪುವ ದಾರಿಯೊಂದು ತೆರೆಯಿತು. ಪೆಡಲಿನ ಒದೆತ ರೋಗಲಕ್ಷಣವಾಗಿ ಬಳಕೆಗೆ ಬಂದದ್ದು ಈ ಪದ್ಧತಿಯಿಂದ.

ಭಾರತದ ಮೆಕ್ಯಾನಿಕರು ಈ ಕಸುಬನ್ನು ಕಲಿತದ್ದು ಡ್ರಮ್ಮಿನ ಮೇಲೆ. 1950ರ ದಶಕದ ಕೊನೆಯಿಂದ ರಸ್ತೆಗಿಳಿದ ಅಂಬಾಸಿಡರ್, ಅದರ ಜೊತೆಯ ಫಿಯೆಟ್ ಎರಡಕ್ಕೂ ನಾಲ್ಕೂ ಚಕ್ರಕ್ಕೆ ಡ್ರಮ್. ಚಾಲಕ ನಡುಕದ ದೂರು ತಂದರೆ ಮೆಕ್ಯಾನಿಕ್ ಡ್ರಮ್ ಬಿಚ್ಚಿ ಒಳಗೋಡೆಗೆ ಬೆರಳಾಡಿಸುತ್ತಿದ್ದ. ಗೆರೆ, ಹಳ್ಳ, ನೀಲಿ ಕಲೆ ನೋಡಿ, "ಡ್ರಮ್ ಓವಲ್ ಆಗಿದೆ" ಎಂದು ಹೇಳಿ ಲೇತಿನ ಅಂಗಡಿಗೆ ಕಳಿಸುತ್ತಿದ್ದ. ಅಲ್ಲಿ ಒಳಮೈ ತೆಳುವಾಗಿ ತರಿಸಿ, ಶೂಗಳಿಗೆ ಹೊಸ ಲೈನರನ್ನು ರಿವೆಟ್ ಹೊಡೆದು ಕೂರಿಸಿದರೆ ಕೆಲಸ ಮುಗಿಯುತ್ತಿತ್ತು. ಲೈನರನ್ನು ತರಿದ ಡ್ರಮ್ಮಿನ ವ್ಯಾಸಕ್ಕೆ ಹೊಂದುವಂತೆ ಉಜ್ಜುವುದರಲ್ಲಿ ಕೈಚಳಕ ಇತ್ತು. ಬಿಸಿ ಡ್ರಮ್ಮಿನ ಮೇಲೆ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಬಾರದು ಎಂಬ ಹಳೆಯ ಚಾಲಕರ ಬುದ್ಧಿಮಾತಿಗೂ ಆಧಾರವಿದೆ. ಆರುತ್ತಿರುವ ಡ್ರಮ್ಮನ್ನು ಶೂಗಳು ಎರಡು ಕಡೆಯಿಂದ ಒತ್ತಿ ಹಿಡಿದರೆ ಅದು ಎಲ್ಲ ಕಡೆಯೂ ಒಂದೇ ಸಮ ಕುಗ್ಗಲಾರದು. ಬ್ರೇಕಿನ ಭಾಗಗಳ ದೇಶೀಯ ತಯಾರಿಕೆಯೂ ಇದೇ ಕಾಲದಲ್ಲಿ ಬೆಳೆಯಿತು. ಮದ್ರಾಸಿನ ಟಿವಿಎಸ್ ಮತ್ತು ಬ್ರಿಟನ್ನಿನ ಲ್ಯೂಕಾಸ್ ಸೇರಿ 1962ರಲ್ಲಿ ಬ್ರೇಕ್ಸ್ ಇಂಡಿಯಾ ಕಟ್ಟಿದವು. ಕರ್ನಾಟಕದಲ್ಲಿ ಬೆಳಗಾವಿ ವಾಹನದ ಬಿಡಿಭಾಗಗಳ ಎರಕಕ್ಕೆ ಹೆಸರಾಯಿತು.

ಘಟ್ಟದ ರಸ್ತೆಗಳು ಡ್ರಮ್ಮಿನ ಮಿತಿಯನ್ನು ತೋರಿಸಿದವು. 1000 ಕಿಲೋ ತೂಕದ ಕಾರನ್ನು ಗಂಟೆಗೆ 100 ಕಿ.ಮೀ. ವೇಗದಿಂದ ಒಮ್ಮೆ ನಿಲ್ಲಿಸಿದರೆ ಸುಮಾರು 386 ಕಿಲೋಜೂಲ್ ಶಕ್ತಿ ಬಹುತೇಕ ಬ್ರೇಕಿನಲ್ಲೇ ಶಾಖವಾಗುತ್ತದೆ. ಅದೇ ಕಾರು 500 ಮೀಟರ್ ಎತ್ತರದ ಘಟ್ಟವನ್ನು ಬ್ರೇಕಿನ ಮೇಲೆಯೇ ಇಳಿದರೆ ಸುಮಾರು 4900 ಕಿಲೋಜೂಲ್, ಅಂದರೆ ಅಂಥ ಹನ್ನೆರಡು ನಿಲುಗಡೆಗಳಿಗೂ ಮಿಕ್ಕಿದ ಶಾಖ. ಆಗುಂಬೆ, ಚಾರ್ಮಾಡಿ ಇಳಿಯುವವರಿಗೆ ಎರಡನೆಯ ಗೇರಿನಲ್ಲಿ ಎಂಜಿನ್ನಿನ ಹಿಡಿತದಲ್ಲಿ ಇಳಿಯಿರಿ ಎಂದು ಹೇಳುತ್ತ ಬಂದಿರುವುದು ಇದಕ್ಕಾಗಿಯೇ. ಬಿಸಿಯಾದ ಡ್ರಮ್ ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ, ಪೆಡಲ್ ಕೆಳಗೆ ಹೋಗುತ್ತದೆ, ಹಿಡಿತ ತಪ್ಪುತ್ತದೆ. ಚಕ್ರದೊಡನೆ ತಿರುಗುವ ತಟ್ಟೆಯನ್ನು ಎರಡು ಪ್ಯಾಡುಗಳು ಒತ್ತಿ ಹಿಡಿಯುವ ಡಿಸ್ಕ್ ಬ್ರೇಕಿನಲ್ಲಿ ಹಾಗಲ್ಲ, ಡಿಸ್ಕ್ ಬಿಸಿಯಾದರೆ ದಪ್ಪಗಾಗಿ ಪ್ಯಾಡಿನ ಕಡೆಗೇ ಬರುತ್ತದೆ.

ಡಿಸ್ಕ್ ಬ್ರೇಕಿನ ಕಲ್ಪನೆ ಡ್ರಮ್ಮಿನಷ್ಟೇ ಹಳೆಯದು. ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಅದರ ತಾಮ್ರದ ಹೊದಿಕೆ ಕಿರುಚುತ್ತಿತ್ತು, ಧೂಳಿನ ರಸ್ತೆಯಲ್ಲಿ ಬೇಗ ಸವೆಯುತ್ತಿತ್ತು. ಅರ್ಧ ಶತಮಾನದ ನಂತರ ವಿಮಾನಗಳ ಬ್ರೇಕಿನ ಅನುಭವದಿಂದ ಡನ್ಲಪ್ ರೂಪಿಸಿದ ಡಿಸ್ಕನ್ನು ಜಾಗ್ವಾರ್ ತನ್ನ ಸಿ-ಟೈಪ್ ರೇಸ್ ಕಾರಿಗೆ ಹಾಕಿತು. 1953ರ ಲ ಮಾನ್ಸ್ ಓಟವನ್ನು ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಆ ಕಾರಿನಲ್ಲಿ ಗೆದ್ದರು. ಆ ಓಟದ ಸರಾಸರಿ ವೇಗ ಗಂಟೆಗೆ 100 ಮೈಲಿ ದಾಟಿದ್ದು ಅದೇ ಮೊದಲು. 1955ರಲ್ಲಿ ಸಿಟ್ರೋಯನ್ ಡಿಎಸ್, 1956ರಲ್ಲಿ ಟ್ರಯಂಫ್ ಟಿಆರ್3 ಡಿಸ್ಕನ್ನು ಮಾರಾಟದ ಕಾರಿಗೆ ತಂದವು. ಭಾರತದಲ್ಲಿ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ನಂತರದ ದಶಕಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್ ಎಂಬ ಜೋಡಣೆ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಯಿತು.

ಡ್ರಮ್ಮಿನ ಓವಲ್ ಸಮಸ್ಯೆ ಹೋಯಿತು, ಅದರ ಜಾಗಕ್ಕೆ ಇನ್ನೊಂದು ಬಂತು. ಎರಡು ಪ್ಯಾಡುಗಳ ನಡುವೆ ಓಡುವ ಡಿಸ್ಕಿನ ದಪ್ಪ ಸುತ್ತಲೂ ಒಂದೇ ಇರಬೇಕು. ದಪ್ಪದ ಭಾಗ ಬಂದಾಗ ಪ್ಯಾಡು ಹಿಂದಕ್ಕೆ ತಳ್ಳಲ್ಪಟ್ಟು ದ್ರವದ ಒತ್ತಡ ಏರುತ್ತದೆ, ತೆಳುವಾದ ಭಾಗ ಬಂದಾಗ ಇಳಿಯುತ್ತದೆ. ಸುಮಾರು 0.015 ಮಿ.ಮೀ. ವ್ಯತ್ಯಾಸ, ಅಂದರೆ ತಲೆಗೂದಲಿನ ದಪ್ಪದ ಐದರಲ್ಲೊಂದು ಪಾಲು, ನಡುಕ ಹುಟ್ಟಿಸಲು ಸಾಕು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಸಣ್ಣ ಕಾರಿನ ಚಕ್ರ ಸೆಕೆಂಡಿಗೆ ಸುಮಾರು 15 ಸುತ್ತು ತಿರುಗುತ್ತದೆ. ಬ್ರೇಕಿನ ಬಲವೂ ಅಷ್ಟೇ ಸಲ ಏರಿಳಿಯುತ್ತದೆ. ಮುಂಭಾಗದ ಸಸ್ಪೆನ್ಷನ್ ಮತ್ತು ಸ್ಟೇರಿಂಗಿನ ಸ್ವಾಭಾವಿಕ ಕಂಪನದ ಗತಿಯೂ ಹೆಚ್ಚು ಕಡಿಮೆ ಇದೇ ಆಸುಪಾಸಿನಲ್ಲಿದೆ. ಎರಡೂ ಹೊಂದಿಕೊಂಡ ವೇಗದಲ್ಲಿ ನಡುಕ ಜೋರಾಗುತ್ತದೆ. 80ರಿಂದ 110ರ ನಡುವೆ ಮಾತ್ರ ನಡುಗುತ್ತದೆ, ಊರೊಳಗೆ ಏನೂ ಇಲ್ಲ ಎಂಬ ದೂರು ಇದರಿಂದ ಬರುತ್ತದೆ. ಹಿಂದಿನ ಸ್ಟೇರಿಂಗ್ ಪೆಟ್ಟಿಗೆಗಳು ಚಕ್ರದ ನಡುಕವನ್ನು ಒಂದಷ್ಟು ನುಂಗಿಕೊಳ್ಳುತ್ತಿದ್ದವು. ಹಗುರ ಕಾರುಗಳ ಜೊತೆ ಬಂದ ರ್‍ಯಾಕ್ ಮತ್ತು ಪಿನಿಯನ್ ಸ್ಟೇರಿಂಗು ಅದನ್ನು ನೇರವಾಗಿ ಕೈಗೆ ಒಪ್ಪಿಸಿತು.

ಈ ದಪ್ಪದ ವ್ಯತ್ಯಾಸ ಹೇಗೆ ಹುಟ್ಟುತ್ತದೆ? ಡಿಸ್ಕ್ ಬಿಸಿಗೆ ಬೆಂಡಾಗುತ್ತದೆ ಎಂಬುದು ಗ್ಯಾರೇಜುಗಳಲ್ಲಿ ಇವತ್ತಿಗೂ ಕೇಳುವ ಉತ್ತರ. ಜಗತ್ತಿನ ಇತರ ಕಡೆಯೂ ಉತ್ತರ ಇದೇ ಆಗಿತ್ತು. ರೇಸ್ ಕಾರುಗಳ ಎಂಜಿನಿಯರ್ ಕ್ಯಾರಲ್ ಸ್ಮಿತ್ ಇದನ್ನು ಮಿಥ್ಯೆ ಎಂದೇ ಕರೆದು ಲೇಖನ ಬರೆದ. ಬೆಂಡಾಗಿದೆ ಎಂದು ತಂದ ಡಿಸ್ಕುಗಳಲ್ಲಿ ನಿಜವಾಗಿ ಇದ್ದದ್ದು ಪ್ಯಾಡಿನ ವಸ್ತು ಏರುಪೇರಾಗಿ ಮೆತ್ತಿಕೊಂಡ ಕಲೆಗಳು ಎಂಬುದು ಅವನ ವಾದ. ಕಾದ ಪ್ಯಾಡನ್ನು ಒಂದೇ ಜಾಗಕ್ಕೆ ಒತ್ತಿ ಹಿಡಿದು ನಿಂತರೆ ಅಲ್ಲಿ ಅದರ ಗುರುತು ಉಳಿಯುತ್ತದೆ. ಆ ಕಲೆ ಹೆಚ್ಚು ಘರ್ಷಣೆ ಕೊಡುತ್ತದೆ, ಆದ್ದರಿಂದ ಹೆಚ್ಚು ಕಾಯುತ್ತದೆ. 650ರಿಂದ 700 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಕಬ್ಬಿಣದ ಒಳರಚನೆಯೇ ಬದಲಾಗಿ ಗಟ್ಟಿ ಗಂಟಾಗುತ್ತದೆ. ಅಂಥ ಡಿಸ್ಕನ್ನು ತರಿಸಿದರೂ ಗಂಟಿನ ಬುಡ ಒಳಗೇ ಉಳಿದು ಕೆಲವು ಸಾವಿರ ಕಿಲೋಮೀಟರಿನಲ್ಲಿ ನಡುಕ ಮರಳುತ್ತದೆ.

ಎರಡನೆಯ ಕಾರಣ ಇನ್ನೂ ಸಾಮಾನ್ಯ, ಮತ್ತು ಅದರ ಮೂಲ ಜೋಡಣೆಯಲ್ಲೇ ಇರುತ್ತದೆ. ಡಿಸ್ಕ್ ಕೂರುವ ಹಬ್ಬಿನ ಮುಖದಲ್ಲಿ 0.03 ಮಿ.ಮೀ. ದಪ್ಪದ ತುಕ್ಕಿನ ಪದರ ಒಂದು ಪಕ್ಕದಲ್ಲಿ ಉಳಿದರೆ ಡಿಸ್ಕ್ ಓರೆಯಾಗುತ್ತದೆ, ಅಂಚಿನಲ್ಲಿ ಆ ಓರೆ ಸುಮಾರು ಇಮ್ಮಡಿಯಾಗುತ್ತದೆ. ಗಾಳಿಯ ಗನ್ನಿನಿಂದ ನಟ್ಟುಗಳನ್ನು ಒಂದು ಬಿಗಿ ಒಂದು ಸಡಿಲ ಬಿಗಿದರೂ ಅಷ್ಟೇ. ಆ ದಿನ ಕಾರು ನಡುಗುವುದಿಲ್ಲ. ಆದರೆ ಬ್ರೇಕ್ ಹಾಕದೆ ಓಡುವಾಗಲೂ ಓರೆಯ ತುದಿ ಪ್ರತಿ ಸುತ್ತಿಗೆ ಪ್ಯಾಡನ್ನು ಸವರಿಕೊಂಡು ಹೋಗುತ್ತದೆ. ಕಿಲೋಮೀಟರಿಗೆ ಸುಮಾರು 550 ಸುತ್ತಿನಂತೆ 5000 ಕಿ.ಮೀ. ಓಡುವಷ್ಟರಲ್ಲಿ ಒಂದೇ ಜಾಗ 27 ಲಕ್ಷ ಸಲ ಉಜ್ಜಿಸಿಕೊಂಡು ತೆಳುವಾಗಿರುತ್ತದೆ. ಆಮೇಲೆ ನಡುಕ ಶುರು. ದುರಸ್ತಿಗೂ ನಡುಕಕ್ಕೂ ನಡುವೆ ತಿಂಗಳುಗಳ ಅಂತರ ಇರುವುದರಿಂದ ಮಾಲೀಕ ಹೊಸ ಡಿಸ್ಕಿನ ಗುಣಮಟ್ಟವನ್ನು ಶಂಕಿಸುತ್ತಾನೆ, ಮೆಕ್ಯಾನಿಕ್ ಚಾಲಕನ ಕಾಲನ್ನು ದೂರುತ್ತಾನೆ. ತುಕ್ಕು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಬಿಸಿಯಲ್ಲಿ ಮಾತ್ರ ಕಾಣಿಸಿ ಆರಿದ ಮೇಲೆ ಮಾಯವಾಗುವ ನಡುಕದ ವಿವರಣೆ ರೈಲಿನ ಕಡೆಯಿಂದ ಬಂತು. ರೈಲಿನ ಬ್ರೇಕಿನ ಘರ್ಷಣೆಯನ್ನು ಅಳೆಯುವ ಪರಂಪರೆ ಹಳೆಯದು. ವೇಗ ಹೆಚ್ಚಿದಂತೆ ಬ್ರೇಕ್ ತುಂಡಿನ ಘರ್ಷಣೆ ಕುಗ್ಗುತ್ತದೆ ಎಂದು ಕ್ಯಾಪ್ಟನ್ ಡಗ್ಲಸ್ ಗಾಲ್ಟನ್ 1878ರಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸ್ ಜೊತೆಗೂಡಿ ನಡೆಸಿದ ಪ್ರಯೋಗಗಳಲ್ಲಿ ತೋರಿಸಿದ್ದ. 1948ರಲ್ಲಿ ಪಾರ್ಕರ್ ಮತ್ತು ಮಾರ್ಷಲ್ ರೈಲಿನ ಬ್ರೇಕಿನ ಮೈಯ ಉಷ್ಣತೆಯನ್ನು ಅಳೆದಾಗ ಶಾಖ ಎಲ್ಲೆಡೆ ಸಮನಾಗಿರದೆ ಬಿಡಿ ಬಿಡಿ ಬಿಂದುಗಳಲ್ಲಿ ಗುಂಪಾಗುವುದು ಕಂಡಿತು. ಜೆ. ಆರ್. ಬಾರ್ಬರ್ 1969ರಲ್ಲಿ ಇದರ ಹಿಂದಿನ ಅಸ್ಥಿರತೆಯನ್ನು ಗಣಿತದಲ್ಲಿ ವಿವರಿಸಿದ. ಕೊಂಚ ಹೆಚ್ಚು ಒತ್ತಿದ ಜಾಗ ಕೊಂಚ ಹೆಚ್ಚು ಕಾಯುತ್ತದೆ, ಕಾದದ್ದು ಉಬ್ಬುತ್ತದೆ, ಉಬ್ಬಿದ್ದು ಇನ್ನಷ್ಟು ಒತ್ತಡ ಹೊರುತ್ತದೆ. ಒಂದು ಮಿತಿಯ ವೇಗದ ಕೆಳಗೆ ಶಾಖ ಹರಡಿ ಇದು ತಣ್ಣಗಾಗುತ್ತದೆ, ಮಿತಿ ದಾಟಿದರೆ ಬೆಳೆಯುತ್ತಲೇ ಹೋಗುತ್ತದೆ. 1993ರಲ್ಲಿ ಲೀ ಮತ್ತು ಬಾರ್ಬರ್ ಇದನ್ನು ಕಾರಿನ ಡಿಸ್ಕಿಗೆ ಅನ್ವಯಿಸಿದರು. ಡಿಸ್ಕಿನ ಮೇಲೆ ಸಮ ಅಂತರದಲ್ಲಿ ಕಾಣುವ ನೀಲಿ ಮಚ್ಚೆಗಳಿಗೆ ಇದರಿಂದ ಅರ್ಥ ಸಿಕ್ಕಿತು.

ಕಾರಣಗಳು ಹೀಗೆ ಬೇರೆ ಬೇರೆಯೆಂದು ತಿಳಿದ ಮೇಲೆ ಪತ್ತೆಯ ಕ್ರಮವೂ ನೆಲೆಗೊಂಡಿತು. ಬ್ರೇಕ್ ಮುಟ್ಟದೆಯೂ ನಡುಗಿದರೆ ಮೊದಲು ಚಕ್ರದ ಬ್ಯಾಲೆನ್ಸ್, ಟೈರಿನ ಉಬ್ಬು, ರಿಮ್ಮಿನ ಪೆಟ್ಟು ನೋಡಬೇಕು. ಬ್ರೇಕಿನಲ್ಲಿ ಮಾತ್ರ ನಡುಗಿ ಸ್ಟೇರಿಂಗ್ ಅದುರಿದರೆ ಮುಂದಿನ ಡಿಸ್ಕ್, ಸೀಟು ಮತ್ತು ನೆಲ ಅದುರಿದರೆ ಹಿಂದಿನ ಡಿಸ್ಕ್ ಅಥವಾ ಡ್ರಮ್ ಎಂದು ಊಹಿಸಬಹುದು. ಜೋರಾಗಿ ತುಳಿದಾಗ ಮಾತ್ರ ಪೆಡಲ್ ಗರಗರನೆ ಒದೆದರೆ ಅದು ಚಕ್ರ ಪೂರ್ತಿ ಸಿಕ್ಕಿಕೊಂಡು ಜಾರದಂತೆ ತಡೆಯುವ ಎಬಿಎಸ್ ತನ್ನ ಕೆಲಸ ಮಾಡುತ್ತಿರುವ ಗುರುತು. 1978ರಲ್ಲಿ ಮರ್ಸಿಡಿಸ್‌ನ ಎಸ್-ಕ್ಲಾಸಿಗೆ ಬಾಷ್ ಕಂಪನಿಯ ಎಬಿಎಸ್ ಬಂತು, ಭಾರತದಲ್ಲಿ 2019ರ ಏಪ್ರಿಲಿನಿಂದ ಎಲ್ಲ ಹೊಸ ಕಾರುಗಳಿಗೂ ಅದು ಕಡ್ಡಾಯ. ಈ ಒದೆತವನ್ನು ದೋಷವೆಂದು ಭಾವಿಸಿ ಕಾಲು ತೆಗೆಯುವುದು ಅಪಾಯ.

ಚಕ್ರ ಬಿಚ್ಚಿದ ಮೇಲೆ ಡಿಸ್ಕನ್ನು ನಟ್ಟುಗಳಿಂದ ಹಬ್ಬಿಗೆ ಬಿಗಿದು, ಅಂಚಿನಿಂದ ಸ್ವಲ್ಪ ಒಳಗೆ ಡಯಲ್ ಗೇಜಿನ ಮುಳ್ಳು ಇಟ್ಟು ನಿಧಾನವಾಗಿ ಒಂದು ಸುತ್ತು ತಿರುಗಿಸುತ್ತಾರೆ. ಓರೆ ಬಹುತೇಕ ಕಾರುಗಳಲ್ಲಿ 0.05ರಿಂದ 0.1 ಮಿ.ಮೀ. ಒಳಗಿರಬೇಕು. ದಪ್ಪವನ್ನು ಮೈಕ್ರೋಮೀಟರಿನಿಂದ ಸುತ್ತಲೂ ಆರೆಂಟು ಕಡೆ ಅಳೆಯುತ್ತಾರೆ. ಡಿಸ್ಕಿನ ಮೇಲೆ ಕೆತ್ತಿರುವ ಕನಿಷ್ಠ ದಪ್ಪಕ್ಕಿಂತ ಕೆಳಗಿಳಿದಿದ್ದರೆ ತರಿಸುವ ಮಾತೇ ಇಲ್ಲ, ಬದಲಿಸಬೇಕು. ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರಿನ ಪಿನ್ನುಗಳು ತುಕ್ಕು ಹಿಡಿದು ಜಾರದೆ ನಿಂತಿದ್ದರೆ ಒಂದು ಪ್ಯಾಡು ಡಿಸ್ಕಿಗೆ ಅಂಟಿಕೊಂಡೇ ಇರುತ್ತದೆ, ಅದನ್ನು ಬಿಡಿಸಿ ಗ್ರೀಸ್ ಹಾಕದೆ ಹೊಸ ಡಿಸ್ಕ್ ಹಾಕಿದರೆ ಹಣ ದಂಡ. ಬೇರೆ ಲೇತಿನಲ್ಲಿ ತರಿಸಿ ತಂದ ಡಿಸ್ಕ್ ಲೇತಿನ ಮೇಲೆ ನೇರವಾಗಿ ಓಡುತ್ತದೆ. ತುಕ್ಕಿನ ಹಬ್ಬಿಗೆ ಕೂತೊಡನೆ ಮತ್ತೆ ಓರೆ. ಕಾರಿನಲ್ಲೇ, ಅದರದೇ ಹಬ್ಬಿನ ಮೇಲೆ ತಿರುಗಿಸುತ್ತ ತರಿಯುವ ಲೇತು ಬಳಕೆಗೆ ಬಂದದ್ದು ಈ ತೊಡಕು ಕಳೆಯಲು. ಅದಿಲ್ಲದ ಕಡೆ ಹಬ್ಬಿನ ಮುಖವನ್ನು ತಂತಿ ಬ್ರಷ್ಷಿನಿಂದ ಲೋಹ ಹೊಳೆಯುವ ತನಕ ಉಜ್ಜಿ, ನಟ್ಟುಗಳನ್ನು ಎದುರುಬದುರಾಗಿ, ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿಯಬೇಕು. ಕೊನೆಗೆ ಹೊಸ ಪ್ಯಾಡನ್ನು ಪಳಗಿಸುವ ಕೆಲಸ ಉಳಿಯುತ್ತದೆ. ಖಾಲಿ ರಸ್ತೆಯಲ್ಲಿ ಮಧ್ಯಮ ವೇಗದಿಂದ, ಪೂರ್ತಿ ನಿಲ್ಲಿಸದೆ, ಹಲವು ಸಲ ವೇಗ ತಗ್ಗಿಸಿ ನಡುನಡುವೆ ಆರಲು ಬಿಟ್ಟರೆ ಪ್ಯಾಡಿನ ವಸ್ತು ತೆಳುವಾಗಿ, ಸಮನಾಗಿ ಮೆತ್ತಿಕೊಳ್ಳುತ್ತದೆ.

ವಿದ್ಯುತ್ ಕಾರುಗಳು ಈ ಚರಿತ್ರೆಗೆ ಹೊಸ ತಿರುವು ಕೊಟ್ಟಿವೆ. ಮೋಟಾರೇ ವೇಗ ತಗ್ಗಿಸಿ ಬ್ಯಾಟರಿಗೆ ಶಕ್ತಿ ತುಂಬುವುದರಿಂದ ಡಿಸ್ಕಿಗೆ ಕೆಲಸ ಕಡಿಮೆ. ಮಳೆಗಾಲದಲ್ಲಿ ಅದರ ಮೇಲೆ ತುಕ್ಕು ಹಿಡಿಯುತ್ತದೆ, ಪ್ಯಾಡಿನಡಿ ಮುಚ್ಚಿಕೊಂಡ ಭಾಗ ಬೇರೆ ರೀತಿ, ತೆರೆದ ಭಾಗ ಬೇರೆ ರೀತಿ. ಶಾಖದಿಂದ ಹುಟ್ಟುತ್ತಿದ್ದ ಏರುಪೇರು ಈಗ ಶಾಖದ ಕೊರತೆಯಿಂದಲೂ ಹುಟ್ಟತೊಡಗಿದೆ. ಫೋಕ್ಸ್‌ವ್ಯಾಗನ್ ತನ್ನ ಐಡಿ.3 ಕಾರಿನ ಹಿಂದಿನ ಚಕ್ರಗಳಿಗೆ ಮುಚ್ಚಿದ ಡ್ರಮ್ಮನ್ನೇ ಮತ್ತೆ ತಂದಿತು. ಇನ್ನೊಂದೆಡೆ 2024ರಲ್ಲಿ ಅಂಗೀಕಾರವಾದ ಯೂರೋಪಿನ ಯೂರೋ 7 ನಿಯಮ ಬ್ರೇಕಿನ ಧೂಳಿಗೂ ಮಿತಿ ಹಾಕಿದೆ. ವಿದ್ಯುತ್ ಕಾರಿಗೆ ಕಿಲೋಮೀಟರಿಗೆ 3 ಮಿಲಿಗ್ರಾಂ, ಇತರ ಬಹುತೇಕ ಕಾರುಗಳಿಗೆ 7 ಮಿಲಿಗ್ರಾಂ. ಇದನ್ನು ಮುಟ್ಟಲು ಕಂಪನಿಗಳು ಡಿಸ್ಕಿನ ಮೇಲೆ ಅತಿ ಗಟ್ಟಿಯಾದ ಲೇಪನ ಹಾಕುತ್ತಿವೆ. ಪೋರ್ಷೆ 2017ರಲ್ಲೇ ಟಂಗ್‌ಸ್ಟನ್ ಕಾರ್ಬೈಡ್ ಲೇಪನದ ಡಿಸ್ಕನ್ನು ತೋರಿಸಿತ್ತು. ಲೇಪನ ತೆಳು, ತರಿದರೆ ಹೊರಟುಹೋಗುತ್ತದೆ. ಹಾಗಾಗಿ ಇಂಥ ಡಿಸ್ಕುಗಳಿಗೆ ಲೇತಿನ ದುರಸ್ತಿ ಇಲ್ಲ. ಜೋಡಿಸುವಾಗ ಹಬ್ಬನ್ನು ಉಜ್ಜಿ, ಗೇಜಿನಲ್ಲಿ ಅಳೆದು, ಸಮನಾಗಿ ಬಿಗಿಯುವ ಕೆಲಸವಷ್ಟೇ ಮೆಕ್ಯಾನಿಕನ ಕೈಯಲ್ಲಿ ಉಳಿಯುತ್ತದೆ.